ಎಣ್ಣಿ ಆಯಿಯ ಸಾಕ್ಷಿ ಬಾಟ್ಲಿ

ಹೋದ ವಾರ ಅಟ್ಟದ ಮೇಲಿಂದ ಒಂದು ಬಟ್ಟೆಯ ಚೀಲ ಇಳಿಸಿದೆ. ಚೀಲದ ಬುಡವೆಲ್ಲ ಜಿಡ್ಡಾಗಿತ್ತು. ಬೆರಳನ್ನು ಮೂಗಿಗೆ ಹಿಡಿದು ನೋಡಿದೆ... ಔಡಲೆಣ್ಣೆ, ಅಂದರೆ ಹರಳೆಣ್ಣೆ. ಹಳೆಯದಾಗಿ ಮುಗ್ಗಿದ್ದರೂ ಗುರುತು ಹತ್ತದೆ ಇರುವ ವಾಸನೆಯಲ್ಲ ಅದು. ಅಡುಗೆಮನೆಯಲ್ಲಿದ್ದ ಹೆಂಡತಿ ಅಲ್ಲಿಂದಲೇ "ಏನ್ರಿ ಅದು, ಯಾರ ಮನ್ಯಾಗ ಕೂಸು ಹುಟ್ಟೈತಿ?" ಎಂದು ಕೇಳಿದಳು. ಆ ಚೀಲದಲ್ಲಿ ಏನಿದೆ ಎಂದು ಅವಳಿಗೆ ಈವರೆಗೂ ಹೇಳಿರಲಿಲ್ಲ.

ಚೀಲ ಇಳಿಸಿದ್ದಕ್ಕೆ ಕಾರಣ ಬೆಂಗಳೂರಿನ ಒಬ್ಬ ವರದಿಗಾರ. ಮೋಟಾರ್ ರೇಸಿನ ಲೋಕದಲ್ಲಿ ಮತ್ತೆ ಗದ್ದಲ ಎದ್ದಿದೆಯಂತೆ. ರೇಸು ನಡೆಸುವ ಹಕ್ಕನ್ನೆಲ್ಲ ಒಂದೇ ಕಂಪನಿಗೆ ಬರೆದುಕೊಟ್ಟಿದ್ದಾರೆ, ಬರೆದುಕೊಟ್ಟವರು ಅದರಿಂದ ಏನೇನೋ ಪಡೆದಿದ್ದಾರೆ ಎಂದು ಆರೋಪ. "ಸರ್, ನೀವು ಹಳೆಯ ತಾಂತ್ರಿಕ ಪರಿಶೀಲಕರು. ನಿಮ್ಮ ಹೆಸರಿಗೆ ಒಂದು ಕಪ್ಪು ಚುಕ್ಕೆ ಇಲ್ಲ. ನಾಲ್ಕು ಮಾತು ಹೇಳಿ" ಎಂದ. ನಾನು ಹಿಗ್ಗಿದೆ. ಸುಳ್ಳು ಯಾಕೆ ಹೇಳಲಿ, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಹಳೆಯ ಕಾಗದ ನೋಡಿ ಫೋನ್ ಮಾಡುತ್ತೇನೆ ಎಂದು ಹೇಳಿ ಅಟ್ಟಕ್ಕೆ ಕೈ ಹಾಕಿದೆ.

ಚೀಲದಲ್ಲಿ ಇದ್ದದ್ದು ರೇಸುಗಳ ಪಾಸುಗಳು, ಕೊರಳಿಗೆ ಹಾಕಿಕೊಳ್ಳುವ ಬಣ್ಣದ ಪಟ್ಟಿಗಳ ಸಮೇತ. ಅವುಗಳ ಕೆಳಗೆ ಕಾಗದದಲ್ಲಿ ಸುತ್ತಿದ ಒಂದು ಪುಟ್ಟ ಗಾಜಿನ ಬಾಟಲಿ. ಬಾಯಿಗೆ ಹಾಕಿದ್ದ ಮೇಣ ಬಿರುಕು ಬಿಟ್ಟು ಅರ್ಧ ಎಣ್ಣೆ ಸೋರಿಹೋಗಿತ್ತು. ಸೋರಿದ ಎಣ್ಣೆಯನ್ನೆಲ್ಲ ಹೀರಿಕೊಂಡದ್ದು ನಾನು ಹೊರದೇಶದ ರೇಸಿಗೆ ಹೋದಾಗಿನ ಪಾಸು. ಅದರಲ್ಲಿ ಕೋಟು ಹಾಕಿಕೊಂಡ ನನ್ನ ಫೋಟೋ ನಗುತ್ತಿತ್ತು.

ಆ ಬಾಟಲಿ ಕುಷ್ಟಗಿಯ ಎಣ್ಣಿ ಆಯಿಯದು.

ಆಯಿ ನನಗೆ ರಕ್ತಸಂಬಂಧಿಯಲ್ಲ. ನಮ್ಮೂರು ಬೇವೂರು. ಅವ್ವ ಕುಷ್ಟಗಿ ಸಂತೆಗೆ ಹೋದಾಗಲೆಲ್ಲ ಔಡಲೆಣ್ಣೆಗೆ ಆ ಮನೆಗೇ ಹೋಗುತ್ತಿದ್ದಳು, ನಾನೂ ಹಿಂದೆ ಹೋಗುತ್ತಿದ್ದೆ. ಸಂತೆ ಓಣಿಯ ಹಿಂದೆ ಎರಡು ಖೋಲಿಯ ಮನೆ. ಅಂಗಳದಲ್ಲಿ ಒಲೆ, ಒಲೆಯ ಮೇಲೆ ಮಸಿ ಹಿಡಿದ ಹಂಡೆ. ಗಂಡ ತೀರಿಕೊಂಡ ಮೇಲೆ, ಸಣ್ಣ ಮಗಳನ್ನು ಸಾಕುತ್ತ, ಆಯಿ ಒಬ್ಬಳೇ ಔಡಲ ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿ ಬಂದ ಎಣ್ಣೆಯನ್ನು ಸೌಟಿನಿಂದ ಬಳಿದು ತೆಗೆಯುತ್ತಿದ್ದಳು. ತೆಗೆದದ್ದನ್ನು ಮತ್ತೆ ಕಾಯಿಸಿ ನೀರು ಆರಿಸಬೇಕು. ಆರಿತೋ ಇಲ್ಲವೋ ನೋಡಲು ಅವಳ ಹತ್ತಿರ ಇದ್ದದ್ದು ಒಂದೇ ಉಪಾಯ. ಹತ್ತಿಯ ಬತ್ತಿ ಹೊಸೆದು ಎಣ್ಣೆಯಲ್ಲಿ ಅದ್ದಿ ಹಚ್ಚುವುದು, ಕಿವಿ ಹತ್ತಿರ ಹಿಡಿಯುವುದು.

"ನೀರಿದ್ರ ಚಟಚಟ ಅಂತೈತಿ. ನೀರಿಲ್ಲಂದ್ರ ಸುಮ್ಮ ಉರೀತೈತಿ. ಎಣ್ಣಿ ಸುಳ್ಳ ಹೇಳಂಗಿಲ್ಲೋ ತಮ್ಮಾ" ಎನ್ನುತ್ತಿದ್ದಳು. ಚಟ್ ಎಂದು ಒಂದು ಸಲ ಸದ್ದಾದರೂ ಸಾಕು, ಹಂಡೆ ಮತ್ತೆ ಒಲೆ ಏರುತ್ತಿತ್ತು. ಹುಟ್ಟಿದ ಕೂಸಿನ ನೆತ್ತಿಗೆ ಹಾಕುವ ಎಣ್ಣೆ ಅದು. ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆಯಾಯಿತೆಂದರೆ ಮೊದಲು ಆಯಿಯ ಮನೆಗೆ ಯಾರಾದರೂ ಓಡುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು. ಪ್ರತಿ ಸಲ ಎಣ್ಣೆ ಇಳಿಸಿದಾಗ ಆ ಹಂಡೆಯ ಮೊದಲ ಎಣ್ಣೆಯನ್ನು ಒಂದು ಸಣ್ಣ ಬಾಟಲಿಗೆ ತುಂಬಿ, ಮೇಣ ಹಾಕಿ, ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಇಡುತ್ತಿದ್ದಳು. ಆ ಹಂಡೆಯ ಎಣ್ಣೆಯೆಲ್ಲ ಮಾರಿ ಮುಗಿದು ಒಂದು ತಿಂಗಳಾಗುವವರೆಗೆ ಅದನ್ನು ಮುಟ್ಟುವಂತಿಲ್ಲ. ಯಾರಾದರೂ ಬಂದು ನಿನ್ನ ಎಣ್ಣೆ ಸರಿಯಿಲ್ಲ ಎಂದರೆ ಅವರ ಮುಂದೆಯೇ ಮೇಣ ಒಡೆದು ಬತ್ತಿ ಹಚ್ಚುವುದು. ಅದಕ್ಕೆ ಸಾಕ್ಷಿ ಬಾಟ್ಲಿ ಎಂದು ಹೆಸರು. ನನಗೆ ತಿಳಿದಂತೆ ಅದನ್ನು ಒಡೆಯುವ ಪ್ರಸಂಗ ಬಂದೇ ಇರಲಿಲ್ಲ.

ಇಂಥ ಆಯಿಗೂ ಮೋಟಾರ್ ರೇಸಿಗೂ ಗಂಟು ಹಾಕಿದವನು ನಾನೇ. ಹರೆಯದಲ್ಲಿ ನನಗೆ ರೇಸಿನಲ್ಲಿ ಮೋಟಾರ್ ಸೈಕಲ್ ಓಡಿಸುವ ಹುಚ್ಚು. ಆಗಿನ ರೇಸ್ ಗಾಡಿಗಳಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಹಾಕಬೇಕಿತ್ತು. ಗಂಗಾವತಿಯ ಹತ್ತಿರ ಭತ್ತ ಕೊಯ್ದ ಗದ್ದೆಯಲ್ಲಿ ನಡೆದ ಒಂದು ರೇಸಿನ ದಿನ ನನ್ನ ಎಣ್ಣೆ ಮುಗಿದುಹೋಗಿತ್ತು. ಚೀಲದಲ್ಲಿ ಅವ್ವ ತಲೆಗೆ ಹಚ್ಚಿಕೋ ಎಂದು ಕೊಟ್ಟ ಆಯಿಯ ಎಣ್ಣೆ ಇತ್ತು. ಹಳೆಯ ಕಾಲದಲ್ಲಿ ರೇಸ್ ಕಾರುಗಳಿಗೆ ಔಡಲೆಣ್ಣೆಯನ್ನೇ ಹಾಕುತ್ತಿದ್ದರು ಎಂದು ಎಲ್ಲೋ ಓದಿದ್ದ ನೆನಪು. ಹಾಕಿದೆ. ಆ ಬಿಸಿಲಿಗೆ ಒಬ್ಬೊಬ್ಬರ ಇಂಜಿನ್ನೂ ಕಾದು ಹಿಡಿದುಕೊಂಡು ನಿಂತುಬಿಟ್ಟಿತು, ನನ್ನದು ನಿಲ್ಲಲಿಲ್ಲ. ಗೆದ್ದೆ ಅಂತ ತಿಳಿಯಬೇಡಿ, ಮೂರನೆಯವನಾದೆ. ಕೊನೆಗೆ ಓಡುತ್ತಿದ್ದುದೇ ಮೂರು ಗಾಡಿ.

ಆಯಿಗೆ ಹೇಳಿದಾಗ ಹಣೆ ಬಡಿದುಕೊಂಡಳು. "ಕೂಸಿನ ನೆತ್ತಿಗೆ ಹಾಕೂದನ್ನ ಗಾಡಿಗೆ ಹಾಕೀಯಲ್ಲೋ, ನಿನ್ನ ತಲಿ ನೆಟ್ಟಗೈತಿಲ್ಲೋ?" ಎಂದಳು. ಆಮೇಲೆ "ಆ ಗಾಡಿ ಏನ ಬೇಡತೈತಿ?" ಎಂದು ಕೇಳಿದಳು. ಒಂದು ಹನಿ ನೀರೂ ಇರಬಾರದು ಎಂದೆ. "ಕೂಸೂ ಅದನ್ನ ಬೇಡತೈತಿ" ಎಂದಳು.

ನಾನು ಕೊಪ್ಪಳದಲ್ಲಿ ಪಾಲಿಟೆಕ್ನಿಕ್ ಮೇಷ್ಟ್ರಾದೆ. ಓಡಿಸುವುದು ಬಿಟ್ಟು ರೇಸುಗಳಲ್ಲಿ ಗಾಡಿ ತಪಾಸಣೆ ಮಾಡುವ ತಾಂತ್ರಿಕ ಪರಿಶೀಲಕನಾದೆ. ಮೊದಲು ಜಿಲ್ಲೆಯಲ್ಲಿ, ಆಮೇಲೆ ದೇಶಮಟ್ಟದ ಸರಣಿಯಲ್ಲಿ. ಹೋದಲ್ಲೆಲ್ಲ ಆಯಿಯ ಎಣ್ಣೆಯ ಗುಣ ಹೇಳಿದೆ. ಬೆಳಗಾವಿ, ಪುಣೆ, ಕೊಯಮತ್ತೂರು ಕಡೆಯ ಸವಾರರು ಕ್ಯಾನು ಹಿಡಿದುಕೊಂಡು ಕುಷ್ಟಗಿಗೆ ಬರತೊಡಗಿದರು. ಬಂದವರಿಗೆಲ್ಲ ಆಯಿ ಮೊದಲು ಚುನಮರಿ, ಚಹಾ, ಆಮೇಲೆ ಎಣ್ಣೆ ಕೊಡುತ್ತಿದ್ದಳು. ಒಂದು ಸಲ ಮಾತ್ರ ಕೊಪ್ಪಳಕ್ಕೆ ರೇಸು ನೋಡಲು ಬಂದಿದ್ದಳು. ಧೂಳಿಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದವಳು ಗಾಡಿಗಳು ಮುಂದೆ ಹಾದಾಗ ಸೆರಗು ತೆಗೆದಳು. ಹೊಗೆಯನ್ನು ಒಳಗೆಳೆದುಕೊಂಡು, "ನಂದs ವಾಸನಿ" ಎಂದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮತ್ತೆ ನೋಡಲಿಲ್ಲ...

ಆಮೇಲೆ ಕಂಪನಿ ಬಂತು. ಸರಣಿ ನಡೆಸುವ ಹಕ್ಕನ್ನು ಕೆಲವು ವರ್ಷಗಳಿಗೆ ಕೊಂಡುಕೊಂಡಿತು. ಟೈರು ಅದರದೇ, ಎಣ್ಣೆ ಅದರದೇ, ಸವಾರರ ಎದೆಯ ಮೇಲಿನ ಚೀಟಿಯೂ ಅದರದೇ. ಹೊರಗಿನ ಎಣ್ಣೆ ಹಾಕಿದವನನ್ನು ಓಡಲು ಬಿಡುವುದಿಲ್ಲ ಎಂಬ ನಿಯಮ ಬಂತು. ಹಕ್ಕು ಕೊಡಿಸಿದವರಿಗೆ ಕಾರು ಬಂತು, ಅಳಿಯನಿಗೆ ನೌಕರಿ ಬಂತು ಎಂದು ಡೇರೆಗಳಲ್ಲಿ ಸವಾರರು ಮಾತಾಡಿಕೊಳ್ಳುತ್ತಿದ್ದರು. ನಾನೂ ಚಹಾ ಕುಡಿಯುತ್ತ ತಲೆಯಾಡಿಸುತ್ತಿದ್ದೆ. ಭ್ರಷ್ಟಾಚಾರ ಎಂದರೆ ಅದು ದಿಲ್ಲಿ, ಮುಂಬೈ ಕಡೆ ಏಸಿ ಖೋಲಿಗಳಲ್ಲಿ ದೊಡ್ಡವರು ಮಾಡುವುದು, ಕೊಪ್ಪಳದ ಪಾಲಿಟೆಕ್ನಿಕ್ ಮೇಷ್ಟ್ರಿಗೆ ಅದರಲ್ಲಿ ಏನು ಕೆಲಸ ಎಂದುಕೊಂಡಿದ್ದೆ.

ಆ ವರ್ಷ ಕೊಪ್ಪಳದಲ್ಲೇ ಸರಣಿಯ ಒಂದು ಸುತ್ತು ನಡೆಯಿತು. ಊರ ಹೊರಗಿನ ಮೈದಾನ, ಸುಡುವ ಬಿಸಿಲು. ಕಂಪನಿಯ ಎಣ್ಣೆ ಆ ಬಿಸಿಲಿಗೆ ತೀರ ತೆಳುವಾಯಿತು. ಒಂದರ ಹಿಂದೆ ಒಂದು ಮೂರು ಇಂಜಿನ್ ಹಿಡಿದುಕೊಂಡವು. ಮೂರನೆಯದು ಗಂಗಾವತಿ ಕಡೆ ಕಾಲುವೆ ನೀರಿಗೆ ಬಂದು ನೆಲೆಸಿದವರ ಕ್ಯಾಂಪಿನ ಹುಡುಗನದು, ಅಕ್ಕಿ ಗಿರಣಿಯಲ್ಲಿ ಫಿಟರ್ ಆಗಿದ್ದವನು. ಪೂರ್ತಿ ವೇಗದಲ್ಲಿದ್ದಾಗ ಹಿಂದಿನ ಗಾಲಿ ಒಮ್ಮೆಲೆ ನಿಂತು ಅವನು ಹಾರಿ ಬಿದ್ದ. ಸೊಂಟದ ಎಲುಬು ಮುರಿಯಿತು.

ಪರಿಶೀಲಕನಾಗಿ ಅವನ ಡೇರೆಯನ್ನು ಮೊದಲು ತಪಾಸಣೆ ಮಾಡಿದವನು ನಾನು. ಕಂಪನಿಯ ಎಣ್ಣೆಯ ಡಬ್ಬಿ ಖಾಲಿಯಾಗಿ ಬಿದ್ದಿತ್ತು. ಅವನ ಬಟ್ಟೆಯ ಚೀಲದಲ್ಲಿ, ಮಡಿಸಿದ ಟವೆಲ್ಲಿನೊಳಗೆ, ಆಯಿಯ ಎಣ್ಣೆಯ ಕಾಲು ಲೀಟರಿನ ಒಂದು ಬಾಟಲಿ ಇತ್ತು. ಮೇಣ ಒಡೆದಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗ ಅವನು ನೋವಿನಲ್ಲೂ ನಾಚಿಕೊಂಡು, "ಅದು ಗಾಡಿಗಲ್ರಿ ಸರ, ನಮ್ಮ ಪಾಪುಗ. ಹುಟ್ಟಿ ಎಂಟ ದಿನ ಆಗೈತಿ" ಎಂದ.

ಎರಡು ದಿನ ಬಿಟ್ಟು ಕಂಪನಿಯ ಮ್ಯಾನೇಜರ ಮಧ್ಯಾಹ್ನ ನಮ್ಮ ಮನೆಗೆ ಬಂದ. ಹಣದ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಬೈದು ಕಳಿಸುತ್ತಿದ್ದೆ, ಅಷ್ಟು ಮಾನ ಇದೆ ಎಂದು ನಂಬಿದ್ದೆ. ಅವನು ನನ್ನನ್ನು ನನಗಿಂತ ಚೆನ್ನಾಗಿ ಅಳೆದಿದ್ದ. "ಸರ್, ನಿಮ್ಮಂಥ ಪರಿಣತರು ಈ ಜಿಲ್ಲೆಯಲ್ಲೇ ಉಳಿದುಬಿಟ್ಟರೆ ಹೇಗೆ? ಹೊರದೇಶದ ದೊಡ್ಡ ರೇಸಿಗೆ ಪರಿಶೀಲಕರನ್ನು ಕಳಿಸಬೇಕು, ನಿಮ್ಮ ಹೆಸರು ಇದೆ" ಎಂದ. ಚಹಾ ಕುಡಿದು ಏಳುವಾಗ, "ಆ ಹುಡುಗನ ಡೇರೆಯಲ್ಲಿ ಹೊರಗಿನ ಎಣ್ಣೆ ಸಿಕ್ಕಿತಂತಲ್ಲ? ವರದಿಯಲ್ಲಿ ಬರುತ್ತದೆ ಅಂದುಕೊಂಡಿದ್ದೇನೆ" ಎಂದು ಸೇರಿಸಿದ. ಅಷ್ಟೇ.

ವರದಿ ಬರೆದೆ. "ಸವಾರನ ಡೇರೆಯಲ್ಲಿ ಕುಷ್ಟಗಿಯಲ್ಲಿ ತಯಾರಾದ ಔಡಲೆಣ್ಣೆಯ ಬಾಟಲಿ ದೊರೆತಿದೆ." ಈ ವಾಕ್ಯ ಸುಳ್ಳಲ್ಲ. ಮೇಣ ಒಡೆದಿರಲಿಲ್ಲ ಎಂಬುದನ್ನು ಬರೆಯಲಿಲ್ಲ. "ಮನೆಯಲ್ಲಿ ಕುದಿಸಿ ತೆಗೆದ ಎಣ್ಣೆಯಲ್ಲಿ ನೀರಿನ ಅಂಶ ಉಳಿಯುವ ಸಾಧ್ಯತೆ ಇರುತ್ತದೆ." ಇದೂ ಸುಳ್ಳಲ್ಲ. ಇಂಜಿನ್ ಹಿಡಿದುಕೊಂಡ ಉಳಿದಿಬ್ಬರ ಡೇರೆಗಳಲ್ಲಿ ಕಂಪನಿಯ ಎಣ್ಣೆ ಬಿಟ್ಟು ಬೇರೆ ಏನೂ ಇರಲಿಲ್ಲ ಎಂಬುದನ್ನೂ ಬರೆಯಲಿಲ್ಲ. ಒಂದೂ ಸುಳ್ಳು ವಾಕ್ಯವಿಲ್ಲದ ಆ ವರದಿಯ ಕೆಳಗೆ ನೀಟಾಗಿ ಸಹಿ ಮಾಡಿದೆ.

ಪೇಪರಿನಲ್ಲಿ ಅದು ನಾಲ್ಕೇ ಸಾಲಾಗಿ ಬಂತು, ನೀರು ಬೆರೆತ ಕುಷ್ಟಗಿ ಎಣ್ಣೆಯಿಂದ ಸವಾರ ಬಿದ್ದ ಎಂದು. ಆಯಿಗೆ ಓದಲು ಬರುತ್ತಿರಲಿಲ್ಲ, ಮಗಳು ಓದಿ ಹೇಳಿದ್ದಳು. ವಿಚಾರಣೆ ಕೊಪ್ಪಳದ ಒಂದು ಹೋಟೆಲಿನ ಹಾಲ್‌ನಲ್ಲಿ ನಡೆಯಿತು. ಹೊರಗಿನಿಂದ ಬಂದ ಇಬ್ಬರು ಅಧಿಕಾರಿಗಳು, ಮ್ಯಾನೇಜರ, ನಾನು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆಯಿ ಮಗಳನ್ನು ಕರೆದುಕೊಂಡು ಬಂದಳು. ಯಾರೂ ಅವಳನ್ನು ಕರೆದಿರಲಿಲ್ಲ. ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ಸೆರಗಿನ ಮರೆಯಲ್ಲಿ, ಕ್ಯಾಂಪಿನವನಿಗೆ ಎಣ್ಣೆ ಕೊಟ್ಟಿದ್ದ ಹಂಡೆಯ ಸಾಕ್ಷಿ ಬಾಟ್ಲಿ.

ನನ್ನನ್ನು ಕೂಸಿದ್ದಾಗಿನಿಂದ ತಮ್ಮಾ ಎಂದವಳು ಆ ದಿನ ನಾಲ್ಕು ಜನರ ಮುಂದೆ "ಸರ" ಎಂದಳು. ನನ್ನ ಮರ್ಯಾದೆ ಕಾಯಲು.

"ಸರ, ಇದು ಆ ಹಂಡೇದs ಎಣ್ಣಿ ನೋಡ್ರಿ. ಬತ್ತಿ ನಾನs ತಂದೀನಿ. ಒಂದಸಲ ಹಚ್ಚಿ ಕಿವಿಗೊಟ್ಟ ಕೇಳ್ರಿ. ಚಟ್ ಅಂದ್ರ ನಾ ಇನ್ನ ಹಂಡೆ ಒಲಿ ಮ್ಯಾಲ ಇಡಂಗಿಲ್ಲ."

ಅಧಿಕಾರಿಗಳಿಗೆ ಕನ್ನಡ ಬರುತ್ತಿರಲಿಲ್ಲ. ಅವಳು ಏನು ಹೇಳುತ್ತಿದ್ದಾಳೆ ಎಂದು ನನ್ನ ಕಡೆ ನೋಡಿದರು. ಹಾಲ್‌ನಲ್ಲಿ ಅವಳ ಮಾತನ್ನು ಅವರಿಗೆ ತಿಳಿಸಬಲ್ಲವರಲ್ಲಿ ಆ ಬತ್ತಿಯ ಅರ್ಥ ಗೊತ್ತಿದ್ದವನು ನಾನೊಬ್ಬನೇ. ಬಡ ಹೆಂಗಸು, ತನ್ನ ವ್ಯಾಪಾರದ ಬಗ್ಗೆ ಹೇಳಿಕೊಳ್ಳುತ್ತಿದ್ದಾಳೆ ಎಂದು ಅವರಿಗೆ ಹೇಳಿದೆ. ಆಯಿಯ ಕಡೆ ತಿರುಗಿ, "ಬತ್ತಿ ಹಚ್ಚಿ ನೋಡೂದೆಲ್ಲ ಇಲ್ಲಿ ನಡಿಯಂಗಿಲ್ಲ ಆಯಿ. ಬಾಟ್ಲಿ ಕೊಡು, ಲ್ಯಾಬಿಗೆ ಕಳಸ್ತೀವಿ" ಎಂದೆ. ಅವಳು ಎರಡೂ ಕೈಯಿಂದ ಬಾಟಲಿ ಕೊಟ್ಟಳು. "ನಿಮ್ಮ ಕೈಯಾಗ ಕೊಟ್ಟೀನಂದ್ರ ಮುಗೀತ್ರಿ" ಎಂದಳು. ಮಗಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

ಆ ಬಾಟಲಿ ಲ್ಯಾಬಿಗೆ ಹೋಗಲಿಲ್ಲ. ನನ್ನ ಚೀಲಕ್ಕೆ ಹೋಯಿತು, ಅಲ್ಲಿಂದ ಅಟ್ಟಕ್ಕೆ. ಕ್ಯಾಂಪಿನವನ ಆಸ್ಪತ್ರೆಯ ಖರ್ಚನ್ನು ಕಂಪನಿ ನೋಡಿಕೊಂಡಿತು, ಅವನೂ ಸುಮ್ಮನಾದ. ನಾನು ಹೊರದೇಶದ ರೇಸಿಗೆ ಹೋಗಿಬಂದೆ. ನಾಲ್ಕು ದಿನ ಕೊರಳಲ್ಲಿ ಪಾಸು ಹಾಕಿಕೊಂಡು ಓಡಾಡಿದ್ದು ಬಿಟ್ಟರೆ ಅಲ್ಲಿ ನನ್ನಿಂದ ಯಾರೂ ಏನೂ ಕೇಳಲಿಲ್ಲ.

ರೇಸಿನವರು ಕುಷ್ಟಗಿಗೆ ಬರುವುದು ನಿಂತದ್ದನ್ನು ಆಯಿ ತಾಳಿಕೊಳ್ಳುತ್ತಿದ್ದಳೇನೋ. ಆದರೆ ಪೇಪರಿನ ಆ ನಾಲ್ಕು ಸಾಲು ಓಣಿ ಓಣಿ ತಿರುಗಿತು. ಅಂಥಾ ಗಟ್ಟಿ ಗಾಡಿಯನ್ನೇ ಕೆಡವಿದ ಎಣ್ಣೆ ಕೂಸಿನ ನೆತ್ತಿಗೆ ಹೆಂಗ ಹಾಕೂದು ಎಂದು ಬಾಣಂತಿಯರು ಹೆದರಿದರು. ಹೆರಿಗೆಯಾದ ಒಂದು ಮನೆಯಿಂದ ಬಾಟಲಿ ವಾಪಸು ಬಂತಂತೆ. ತಂದವರು ಒಳಗೆ ಬರದೆ ಹೊಸ್ತಿಲ ಹೊರಗೆ ಇಟ್ಟು ಹೋದರಂತೆ. ಇದನ್ನು ಹೇಳಿದವಳು ನನ್ನ ಅವ್ವ. ಹೇಳಿ, "ನೀ ಅದೀಯಲ್ಲ, ಲ್ಯಾಬಿನ ಕಾಗದ ಬಂದ ಕೂಡಲೇ ಎಲ್ಲಾರಿಗೂ ಓದಿ ಹೇಳು" ಎಂದಳು. ಹೂಂ ಎಂದೆ.

ಅದಾದ ಮೇಲೆ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಆಯಿ ಸಿಕ್ಕಳು. "ಲ್ಯಾಬಿಂದ ಕಾಗದ ಬಂತೇನ್ರಿ ಸರ?" ಎಂದು ಕೇಳಿದಳು. ಹಾಲ್‌ನಲ್ಲಿ ಹಚ್ಚಿದ ಆ "ಸರ" ಹಾಗೆಯೇ ಉಳಿದಿತ್ತು. ಇನ್ನೂ ಬಂದಿಲ್ಲ ಎಂದೆ. ಮರುವರ್ಷ ಹುಣ್ಣಿಮೆಗೆ ಹುಲಿಗಿಯಲ್ಲಿ, ಹೊಳೆಯಲ್ಲಿ ಮಿಂದು ಒದ್ದೆ ಸೀರೆಯಲ್ಲೇ ನಿಂತಿದ್ದವಳು ಅದನ್ನೇ ಕೇಳಿದಳು. ದೊಡ್ಡ ಲ್ಯಾಬು, ತಡವಾಗುತ್ತದೆ ಎಂದೆ. ಹುಲಿಗಿ ದೇವಿಯ ಗುಡಿಯ ಮುಂದೆ ನಿಂತು ಹಾಗೆಂದೆ. "ಆಗಲ್ರಿ, ನೀವದೀರಲ್ಲ" ಎಂದು ಪ್ರಸಾದ ಕೊಟ್ಟಳು. ಇನ್ನೊಮ್ಮೆ ಯಾವುದೋ ಮದುವೆಯಲ್ಲಿ ಸಿಕ್ಕಾಗ ಅವಳು ಕೇಳಲೇ ಇಲ್ಲ. "ಉಂಡ್ರೇನ್ರಿ?" ಎಂದಳು, ಅಷ್ಟೇ. ಮರೆತಿದ್ದಾಳೆ ಎಂದು ನನಗೆ ಎಷ್ಟು ಹಗುರಾಯಿತೆಂದರೆ ಎರಡನೇ ಸಲ ಹೋಳಿಗೆ ಹಾಕಿಸಿಕೊಂಡು ಉಂಡೆ.

ಅವಳು ತೀರಿಕೊಂಡ ಸುದ್ದಿ ಬಂದಾಗ ಮಣ್ಣಿಗೆ ಹೋಗಲಿಲ್ಲ. ಪರೀಕ್ಷೆಯ ಕೆಲಸ ಇದೆ ಎಂದು ಅವ್ವನಿಗೆ ಹೇಳಿದೆ. ಇರಲಿಲ್ಲ.

ಬಾಟಲಿ ಸಿಕ್ಕ ಮರುದಿನ ಕುಷ್ಟಗಿಗೆ ಹೋದೆ. ವರದಿಗಾರನ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಅವನು ಕೇಳಿದ ನಾಲ್ಕು ಮಾತು ಇವೇ. ಅವನಿಗೆ ಕಳಿಸಲೆಂದೇ ಇಷ್ಟನ್ನೂ ಬರೆದಿದ್ದೇನೆ.

ಆಯಿಯ ಮಗಳು ಈಗ ಅದೇ ಮನೆಯಲ್ಲಿದ್ದಾಳೆ, ಅಂಗನವಾಡಿಯಲ್ಲಿ ಕೆಲಸ. ಅಂಗಳದಲ್ಲಿ ಒಲೆ ಇಲ್ಲ. ಹಂಡೆಗೆ ಮಣ್ಣು ತುಂಬಿ ತುಳಸಿ ಹಚ್ಚಿದ್ದಾಳೆ. ಬರ್ರಿ ಎಂದಳು, ನೀರು ಕೊಟ್ಟಳು. ನಾನು ಬಾಟಲಿಯನ್ನು ಅವಳ ಮುಂದೆ ಇಟ್ಟೆ. ಲ್ಯಾಬಿಗೆ ಕಳಿಸಿರಲಿಲ್ಲ ಎಂದೆ. ವರದಿಯಲ್ಲಿ ಬರೆದದ್ದು, ಬರೆಯದೆ ಬಿಟ್ಟದ್ದು ಎಲ್ಲ ಹೇಳಿದೆ. ಅವಳು ಬಾಟಲಿ ಎತ್ತಿ ಬಿರುಕು ಬಿಟ್ಟ ಮೇಣವನ್ನು ಹೆಬ್ಬೆರಳಿನಿಂದ ಸವರಿದಳು.

"ಅವ್ವಗ ಗೊತ್ತಿತ್ರಿ" ಎಂದಳು. "ಹುಲಿಗಿಗೆ ಹೋಗಿ ಬಂದ ದಿನಾನs ಅಂದ್ಲು, ಅಂವಾ ಕಳಿಸಿಲ್ಲ, ಕಣ್ಣ ಕೆಳಗ ಹಾಕಿ ಮಾತಾಡಿದ ಅಂತ. ಮತ್ತ ಕೇಳಬ್ಯಾಡ, ಅವನಿಗೆ ನಾಚಿಕಿ ಆಗತೈತಿ ಅಂತ ನನಗೂ ಹೇಳಿದ್ಲು."

ಮದುವೆಯಲ್ಲಿ ಆಯಿ ಮರೆತಿರಲಿಲ್ಲ. ತನ್ನ ಹೆಸರು ಕೆಟ್ಟಿದ್ದರೂ ನನ್ನ ಮುಖ ಉಳಿಸಲು ಉಂಡ್ರೇನ್ರಿ ಎಂದಿದ್ದಳು. ಕ್ಷಮಿಸು ಎಂಬ ಮಾತನ್ನು ಮನೆಯಿಂದ ಕಲಿತು ಹೋಗಿದ್ದೆ, ಅದು ಇದಕ್ಕೆ ಸಾಲುತ್ತಿರಲಿಲ್ಲ.

ಮಗಳು ಒಳಗೆ ಹೋಗಿ ಹಣತೆ, ಹತ್ತಿ ತಂದಳು. ಉಳಿದ ಮೇಣ ಒಡೆದು ಎಣ್ಣೆ ಸುರಿದಳು. ಅದು ಜೇನಿನಷ್ಟು ಗಟ್ಟಿಯಾಗಿತ್ತು. ಬತ್ತಿ ಹೊಸೆದು ಅದ್ದಿ ಹಚ್ಚಿದಳು. ಹಗಲು ಬೆಳಕಿನಲ್ಲಿ ಉರಿ ಸರಿಯಾಗಿ ಕಾಣುತ್ತಲೇ ಇರಲಿಲ್ಲ. "ಕೇಳ್ರಿ" ಎಂದು ಹಣತೆಯನ್ನು ನನ್ನ ಕಡೆ ಸರಿಸಿದಳು.

ಬಗ್ಗಿ ಕಿವಿಗೊಟ್ಟೆ. ಎದುರಿನ ಓಣಿಯಲ್ಲಿ ಯಾರೋ ಕೊಡ ತುಂಬುತ್ತಿದ್ದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬತ್ತಿ ಸುಮ್ಮನೆ ಉರಿಯುತ್ತಿತ್ತು. ನಾಚಿಕೆ ಬಿಟ್ಟು ಇದನ್ನೂ ಹೇಳಿಬಿಡುತ್ತೇನೆ. ಅಷ್ಟೆಲ್ಲ ಕೇಳಿದ ಮೇಲೂ, ಆಯಿಯ ಮಗಳ ಮುಂದೆ ಕೂತು, ಆ ಎಣ್ಣೆ ಒಂದೇ ಒಂದು ಸಲ ಚಟ್ ಎನ್ನಲಿ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಎಣ್ಣೆ ಮುಗಿಯುವವರೆಗೂ ಕಾದೆ. ಅನ್ನಲಿಲ್ಲ.